ಕುನ್ಸುಲು ಅಕ್ಕ ಮತ್ತು ಮುಚ್ಚಿದ ಬಾವಿಯ ಗೆರೆ

ನಮ್ಮ ಬೊಜ್ಕುಡಿಕ್ ಊರಿನಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಸಿಟ್ಟಿಗೆ ಬರವಿಲ್ಲ. ಇಲ್ಲಿ ಗಾಳಿಗೆ ಸಿಟ್ಟು, ಒಂಟೆಗೆ ಸಿಟ್ಟು, ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಹೆಂಗಸಿಗಂತೂ ಬೆಳಗಾದರೆ ಸಿಟ್ಟು. ಆದರೂ ಸಿಟ್ಟಿನ ಮಾತು ಬಂದಾಗ ಊರವರೆಲ್ಲ ಕೈ ತೋರಿಸುವುದು ನನ್ನ ಓರಗಿತ್ತಿ ಕುನ್ಸುಲು ಅಕ್ಕನ ಕಡೆಗೆ. ಅವಳು ನಮ್ಮ ಮನೆಯ ಹಿರಿಯ ಸೊಸೆ, ನಾನು ಕಿರಿಯವಳು, ಊರ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಒಂದು ಸಲ ಉಕ್ಕಿ ಒಲೆ ಆರಿಸಿಬಿಟ್ಟರೆ ಮುಗಿಯಿತು. ಅವಳದು ಒಳಗೇ ಕೂತು ಲೆಕ್ಕ ಹಾಕುವ ಸಿಟ್ಟು. ಅದಕ್ಕೇ ಜನ ನನ್ನ ಜೊತೆ ಜಗಳ ಆಡುತ್ತಾರೆ, ಅವಳ ಜೊತೆ ಆಡುವುದಿಲ್ಲ.

ಅವಳು ಹುಟ್ಟಿದ್ದು ಸಮುದ್ರದ ಕಡೆಯ ಊರಿನಲ್ಲಿ. ಅಪ್ಪ ಎಣ್ಣೆ, ಗ್ಯಾಸಿನ ಬಾವಿ ಕೊರೆಯುವ ತಂಡಗಳಿಗೆ ಅಡುಗೆ ಮಾಡುತ್ತಿದ್ದವನು. ಇವಳು ಓದಿದ ಕಾಲ ಕೆಟ್ಟ ಕಾಲ. ಸಂಬಳಕ್ಕೆ ಬದಲಾಗಿ ಸಕ್ಕರೆ ಚೀಲ ಕೊಡುತ್ತಿದ್ದರು, ಕಾಲೇಜಿನ ಕೋಣೆಯಲ್ಲಿ ಶಾಯಿ ಹೆಪ್ಪುಗಟ್ಟುತ್ತಿತ್ತು. ಹುಡುಗಿಗೆ ಬಾವಿಯ ವಿದ್ಯೆ ಯಾಕೆ ಎಂದು ಕೇಳಿದವರಿಗೆಲ್ಲ ಇವಳು ಉತ್ತರ ಕೊಡದೆ ಪರೀಕ್ಷೆಯಲ್ಲಿ ಮೊದಲು ಬಂದಳು. ಆಮೇಲೆ ನಮ್ಮ ಭಾವ ಮೆಂದಿಗಾಲಿಯನ್ನು ಮದುವೆಯಾದಳು. ಮೆಂದಿಗಾಲಿ ಲಾರಿ ಓಡಿಸುವವನು, ಸೌಮ್ಯ. ಈ ಹೆಂಡತಿಯ ಜೊತೆ ಬಾಳಲು ಬೇರೆ ಸ್ವಭಾವ ಸಾಲುತ್ತಲೂ ಇರಲಿಲ್ಲ.

ಮದುವೆಯಾಗಿ ಬಂದ ಮನೆಯಲ್ಲಿ ಅವಳು ಸೋತದ್ದು ಒಬ್ಬರಿಗೇ, ನಮ್ಮ ಮಾವನಿಗೆ. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ, ಅವರೆದುರು ದನಿ ಏರಿಸುವುದಿಲ್ಲ. ಇಬ್ಬರು ಸೊಸೆಯರೂ ಅವರನ್ನು 'ದೊಡ್ಡವರು' ಎನ್ನುತ್ತಿದ್ದೆವು. ನಾನು ಆ ಮಿತಿಯೊಳಗೇ ಗೊಣಗಿಕೊಂಡು ಹೇಗೋ ನಿಭಾಯಿಸಿದೆ. ಕುನ್ಸುಲು ಅಕ್ಕನಿಗೆ ಹೇಳಲೇಬೇಕಾದ ಮಾತಿದ್ದರೆ ಅವಳು ಒಲೆಯ ಕಡೆ ತಿರುಗಿ, ಒಲೆಯೇ, ದೊಡ್ಡವರಿಗೆ ಹೇಳು, ಈ ಚಳಿಯಲ್ಲಿ ಕೊಟ್ಟಿಗೆಗೆ ಬರಿಗಾಲಲ್ಲಿ ಹೋಗಬಾರದು ಅಂತ, ಎನ್ನುತ್ತಿದ್ದಳು. ದೊಡ್ಡವರು ಅಲ್ಲೇ ಕೂತು ಚಹಾ ಕುಡಿಯುತ್ತ, ಒಲೆಗೆ ಬರಬರುತ್ತ ಬಾಯಿ ಜಾಸ್ತಿ ಆಯ್ತು ಎಂದು ಅತ್ತೆಗೆ ಹೇಳುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೀರಿ ಅವರಿಬ್ಬರ ಮಾತು ನಡೆದದ್ದು ಹೀಗೆ.

ದೊಡ್ಡವರು ಹಳೆಯ ಸರ್ಕಾರದ ಕಾಲದಲ್ಲಿ ತಾವೂ ಬಾವಿ ಕೊರೆದವರು. ಊರಾಚೆ ಗುಡ್ಡದ ಮಗ್ಗುಲಲ್ಲಿ ಅವರ ಅಪ್ಪನ ಚಳಿಗಾಲದ ಮನೆ ಇತ್ತು, ಕುರಿ ದೊಡ್ಡಿ ಇತ್ತು. ಅದರ ಅಡಿಯಲ್ಲಿ ಗ್ಯಾಸ್ ಸಿಕ್ಕಿತೆಂದು ಮನೆ ಕೆಡವಿದರು. ಕೆಡವಿದ ಗೋಡೆಯ ಜಾಗದಲ್ಲಿ ಬಾವಿ ಕೊರೆದ ತಂಡದಲ್ಲಿ ದೊಡ್ಡವರೂ ಇದ್ದರು. ಮೊದಲ ಗ್ಯಾಸ್ ನಿಮ್ಮ ಊರಿಗೇ ಎಂದು ಆವತ್ತು ವೇದಿಕೆ ಮೇಲೆ ನಿಂತು ಹೇಳಿದವರು ಸತ್ತು ಎಷ್ಟೋ ಕಾಲವಾಯಿತು. ಸರ್ಕಾರ ಹೋಯಿತು, ಕಂಪನಿ ಬಂತು, ಗ್ಯಾಸ್ ಮಾತ್ರ ಪೈಪು ಹತ್ತಿ ದೂರದ ನಗರಕ್ಕೇ ಹೋಯಿತು. ನಮಗೆ ಸಿಕ್ಕಿದ್ದು ಅದರ ಬೆಂಕಿಯ ಬೆಳಕು. ಬೇಡವಾದ ಗ್ಯಾಸನ್ನು ಕಂಪನಿ ಎತ್ತರದ ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಸುಡುತ್ತದೆ. ಅದರ ಕೆಂಪು ನನ್ನ ತರಗತಿಯ ಕಿಟಕಿಗೆ ನೇರ ಬೀಳುತ್ತದೆ. ಅದನ್ನು ನೋಡಿಕೊಂಡು ನಮ್ಮ ಮಕ್ಕಳು ಅರ್ಧಕ್ಕರ್ಧ ಕಲ್ಲು ಬೆರೆತ ಕಲ್ಲಿದ್ದಲಿನ ಒಲೆ ಮುಂದೆ ಮುದುರಿ ಕೂರಬೇಕು.

ಕುನ್ಸುಲು ಅಕ್ಕನಿಗೆ ಕೆಲಸ ಆ ಕಂಪನಿಯಲ್ಲೇ. ಹದಿನೈದು ದಿನ ಬಾವಿಗಳ ಕ್ಯಾಂಪಿನಲ್ಲಿ, ಹದಿನೈದು ದಿನ ಮನೆಯಲ್ಲಿ. ಅಲ್ಲಿ ಅವಳು ಮಾಡುತ್ತಿದ್ದುದೇನು ಎಂದು ನಾನು ಕೇಳಿದ್ದು ಒಂದು ವಸಂತದಲ್ಲಿ, ನಾವಿಬ್ಬರೂ ಅಂಗಳದಲ್ಲಿ ಕೋಲು ಹಿಡಿದು ಉಣ್ಣೆ ಬಡಿಯುತ್ತಿದ್ದಾಗ. ಬಾವಿಯೊಳಗೆ ಒಂದು ಗೇಜು ಇಳಿಬಿಟ್ಟಿರುತ್ತಾರೆ, ಅದು ಪ್ರತಿ ಸೆಕೆಂಡಿಗೆ ಒತ್ತಡದ ಅಂಕೆಯೊಂದನ್ನು ಮೇಲಕ್ಕೆ ಕಳಿಸುತ್ತದೆ. ಕೆಲವು ಸಲ ನಿದ್ದೆ ಹೋದಂತೆ ಸುಮ್ಮನಿದ್ದು ಆಮೇಲೆ ಒಟ್ಟಿಗೇ ಉಗುಳುತ್ತದೆ. ಮೊದಲು ಅವನ್ನೆಲ್ಲ ಸಮ ಅಂತರದಲ್ಲಿ ಸಾಲಾಗಿ ಕೂರಿಸಿ ಒಂದು ಗೆರೆ ಮಾಡಬೇಕು. ಆಮೇಲೆ ಗೇಜು ತನ್ನಷ್ಟಕ್ಕೆ ನಡುಗಿ ಸೇರಿಸಿದ ಹುಸಿ ಏರಿಳಿತವನ್ನು, ಅವರ ಮಾತಿನಲ್ಲಿ ಗದ್ದಲವನ್ನು, ತೆಗೆಯಬೇಕು.

"ಸರಾಸರಿ ತಗೊಂಡ್ರೆ ಆಯ್ತಲ್ಲಕ್ಕ" ಎಂದೆ ನಾನು, ಗಣಿತದ ಮೇಷ್ಟ್ರಲ್ಲವೇ.

"ಸರಾಸರಿ ತಗೊಳ್ಳೋದು ಅಂದ್ರೆ ಈ ಉಣ್ಣೇನ ನೀರಲ್ಲಿ ಅದ್ದಿ ತುಳಿದ ಹಾಗೆ. ಧೂಳೂ ಹೋಗುತ್ತೆ, ಎಳೆನೂ ಹೋಗುತ್ತೆ" ಎಂದು ಅವಳು ಕೋಲು ಕೆಳಗಿಟ್ಟಳು. ಗೆರೆಯನ್ನು ಪದರ ಪದರವಾಗಿ ಬಿಡಿಸಬೇಕಂತೆ. ದೊಡ್ಡ ಅಲೆ ಒಂದು ಪದರ, ಅದಕ್ಕಿಂತ ಚಿಕ್ಕದು ಇನ್ನೊಂದು, ಕೊನೆಗೆ ಕಣ್ಣಿಗೆ ಕಾಣದಷ್ಟು ಕಿರು ಅಲೆ. ವೇವ್ಲೆಟ್ ಎನ್ನುತ್ತಾರೆ ಅದಕ್ಕೆ. ಪ್ರತಿ ಪದರವನ್ನೂ ಜರಡಿಗೆ ಹಾಕಿ ತೀರಾ ಅಲ್ಪವಾದದ್ದನ್ನು ಮಾತ್ರ ಉದುರಿಸಿ, ಉಳಿದ ಪದರಗಳನ್ನು ಮತ್ತೆ ಸೇರಿಸಿದರೆ ಧೂಳು ಹೋಗಿರುತ್ತದೆ, ಗೆರೆ ಎಲ್ಲಿ ನಿಜವಾಗಿ ಮುರಿದಿತ್ತೋ ಅಲ್ಲಿ ಮುರಿದೇ ಇರುತ್ತದೆ. ಕಷ್ಟ ಇರುವುದು ಜರಡಿಯ ಕಣ್ಣು ಎಷ್ಟಿರಬೇಕು ಅನ್ನುವುದರಲ್ಲಿ ಎಂದಳು. ಕಣ್ಣು ದೊಡ್ಡದಾದರೆ ನಿಜವೂ ಉದುರಿಹೋಗುತ್ತದೆ. ಅವಳ ಮೇಲಿನವರಿಗೆ ದೊಡ್ಡ ಕಣ್ಣೇ ಇಷ್ಟ, ಗೆರೆ ನುಣ್ಣಗಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಕೋಲೆತ್ತಿ ಉಣ್ಣೆಗೆ ನಾಲ್ಕು ಬಾರಿಸಿದಳು.

ಮೇಲಿನವರು ಅಂದರೆ ತೈಮಾಸ್ ಅಬೆನೊವಿಚ್, ಕ್ಯಾಂಪಿನ ಮುಖ್ಯಸ್ಥ. ಹೆಂಗಸರನ್ನೆಲ್ಲ 'ತಂಗಿ' ಎಂದು ಕರೆದು ಬೆನ್ನು ಸವರುವ ಜಾತಿಯವನು. ದೊಡ್ಡವರ ಅಪ್ಪನ ಮನೆ ಕೆಡವಿ ಕೊರೆದ ಬಾವಿಯನ್ನು ಕಂಪನಿ ಯಾವತ್ತೋ ಮುಚ್ಚಿ, ಸುತ್ತಲಿನ ಬಾವಿಗಳು ಹೇಗಿವೆಯೆಂದು ಗಮನಿಸಲು ಒಂದು ಗೇಜು ಇಳಿಬಿಟ್ಟು ಇಟ್ಟುಕೊಂಡಿತ್ತು. ಮುಚ್ಚಿದ ಬಾವಿಯಲ್ಲಿ ಒತ್ತಡ ಸುಮ್ಮನಿರಬೇಕು. ಆದರೆ ಕುನ್ಸುಲು ಅಕ್ಕ ಸಣ್ಣ ಕಣ್ಣಿನ ಜರಡಿ ಹಿಡಿದಾಗ ಚಳಿಗಾಲದ ಗೆರೆಯಲ್ಲಿ ಎರಡು ಬಗೆಯ ತಗ್ಗು ಕಂಡವು. ಒಂದು ಅಗಲ, ಆಳ, ಯಾವಾಗಲೋ ಒಮ್ಮೆ ಬಂದು ವಾರಗಟ್ಟಲೆ ಇರುವಂಥದು. ಇನ್ನೊಂದು ಪುಟ್ಟ ಕಚ್ಚು, ಬೆಳಗ್ಗೆ ಒಂದು, ಸಂಜೆ ಒಂದು, ದಿನಾ. ಅದರಲ್ಲೂ ಒಂದು ವಿಚಿತ್ರ. ಈ ಕಚ್ಚುಗಳು ಹದಿನೈದು ದಿನ ಕಾಣಿಸಿಕೊಂಡು ಹದಿನೈದು ದಿನ ಮಾಯವಾಗುತ್ತಿದ್ದವು.

ತೈಮಾಸ್ ಎಲ್ಲವನ್ನೂ ಅಳಿಸು ಎಂದ. ಗೇಜು ಹಳೆಯದು, ಅದರ ಬ್ಯಾಟರಿಯ ಗದ್ದಲ ಇದು ಎಂದ. ಇವಳು ಅಳಿಸಲಿಲ್ಲ. ಇಷ್ಟು ಕ್ರಮವಾಗಿ ಬಂದು ಹೋಗುವುದು ಗದ್ದಲವಲ್ಲ, ಯಾರದೋ ಕೈ ಎಂದಳು. ಹೆದ್ದಾರಿಯ ಚಹಾ ಅಂಗಡಿಯವನು ಹದಿನೈದು ದಿನ ಇಲ್ಲಿ, ಹದಿನೈದು ದಿನ ಬೇರೆ ಕಡೆ ಅಂಗಡಿ ಇಡುತ್ತಾನೆಂದೂ ಅವನೇ ಕದಿಯುತ್ತಿರಬೇಕೆಂದೂ ಅವಳ ಅನುಮಾನ. ತೈಮಾಸನನ್ನು ದಾಟಿ ನಗರದ ಸಭೆಗೆ ಗೆರೆ ಒಯ್ದಳು, ದೊಡ್ಡ ಅಧಿಕಾರಿಗಳ ಮುಂದೆ ವಾದಿಸಿದಳು, ಗೆದ್ದಳು, ಕಳ್ಳನನ್ನು ಹುಡುಕಿಸಲು ಅವರು ಒಪ್ಪಿದರು. ಆದರೆ ಆ ಸಭೆ ಮಾತಾಡಿದ್ದು ಪುಟ್ಟ ಕಚ್ಚುಗಳ ಬಗ್ಗೆ ಮಾತ್ರ. ಅಗಲದ ತಗ್ಗುಗಳ ವಿಷಯ ಬಂದಾಗ ಎಲ್ಲರಿಗೂ ಊಟದ ನೆನಪಾಯಿತಂತೆ. ಅವಳು ಮನೆಗೆ ಬಂದು ಆ ಗೆಲುವನ್ನು ಹೇಳಿಕೊಂಡ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಕರಿದ ಹಿಟ್ಟಿನುಂಡೆಗಳ ತಟ್ಟೆ ಮುಂದಿಟ್ಟರು. ದೊಡ್ಡವರು ಒಲೆಗೆ ಕಲ್ಲಿದ್ದಲು ಹಾಕಿದರು. ನನಗೆ ಅವಳು ಯಾವ ಬಾವಿಯ ಮಾತಾಡುತ್ತಿದ್ದಾಳೆಂದೇ ಗೊತ್ತಿರಲಿಲ್ಲ, ಅವಳು ಕಂಪನಿಯ ನಂಬರು ಹೇಳುತ್ತಿದ್ದಳು. ದೊಡ್ಡವರಿಗೆ ಗೊತ್ತಿತ್ತು. ತಾವೇ ಗುಟ್ಟಾಗಿ ಆ ಬಾವಿಗೆ ಜೋಡಿಸಿದ್ದ ಪೈಪನ್ನು ಮರುದಿನವೇ ಕಿತ್ತುಹಾಕಬಹುದಿತ್ತು. ಹೊರಗೆ ಹಿಮ ಬಿದ್ದಿತ್ತು, ಶಾಲೆಯಲ್ಲಿ ಮಕ್ಕಳಿದ್ದರು, ಅವರು ಕೀಳಲಿಲ್ಲ.

ಊರಿಗೆಲ್ಲ ಗೊತ್ತಿದ್ದು ಅವಳೊಬ್ಬಳಿಗೆ ಗೊತ್ತಿಲ್ಲದ ಸಂಗತಿ ಇಷ್ಟು. ಕೆಲವು ವರ್ಷಗಳ ಹಿಂದೆ, ಕಲ್ಲಿದ್ದಲು ಬಾರದ ಒಂದು ಚಳಿಗಾಲದಲ್ಲಿ, ದೊಡ್ಡವರು ತಾವೇ ಕೊರೆದ ಬಾವಿಯ ಮಗ್ಗುಲಿನ ವಾಲ್ವಿಗೆ ಪೈಪು ಜೋಡಿಸಿ ಹಳೆಯ ನೀರಿನ ಕಾಲುವೆಯಗುಂಟ ಊರಿಗೆ ಎಳೆದಿದ್ದರು. ನಮ್ಮ ಬೀದಿಯ ಮನೆಗಳಿಗೆ, ಮತ್ತೆ ಶಾಲೆಗೆ. ಬೆಳಗ್ಗೆ ಸಂಜೆ ತಾವೇ ಹೋಗಿ ವಾಲ್ವ್ ತಿರುಗಿಸುತ್ತಿದ್ದರು. ಹಿರಿಯ ಸೊಸೆ ಮನೆಗೆ ಬರುವ ದಿನ ವಾಲ್ವ್ ಮುಚ್ಚಿ, ಒಲೆಯ ಕೊಳವೆ ಬಿಚ್ಚಿಡುತ್ತಿದ್ದರು. ಆ ಹದಿನೈದು ದಿನ ಊರೆಲ್ಲ ಕಲ್ಲಿದ್ದಲು ಸುಡುತ್ತ ಶಾಪ ಹಾಕುತ್ತಿತ್ತು. ನಾವು ಕೇಳಿದರೆ ದೊಡ್ಡವರು ಹೇಳುತ್ತಿದ್ದುದು ಒಂದೇ, ಅವಳು ಉಣ್ಣುವುದು ಆ ಕಂಪನಿಯ ಅನ್ನ, ಗೊತ್ತಾದರೆ ಹೇಳಲೂ ಆಗದೆ ಬಿಡಲೂ ಆಗದೆ ಸಾಯುತ್ತಾಳೆ. ಅವಳು ಮನೆಯನ್ನು ಅನುಮಾನಿಸುವುದೂ ಸಾಧ್ಯವಿರಲಿಲ್ಲ. ಕಂಪನಿಯ ಒಂದು ತುಂಡು ಹಗ್ಗ ಲಾರಿಯಲ್ಲಿ ಬಂದಿತ್ತೆಂದು ಮೆಂದಿಗಾಲಿಯನ್ನು ನಡೆಸಿಕೊಂಡೇ ಹೋಗಿ ವಾಪಸು ಕೊಡಿಸಿದ ಮನುಷ್ಯ ನಮ್ಮ ಮಾವ.

ಜನವರಿಯಲ್ಲಿ ಕಂಪನಿಯ ಕಾವಲುಗಾರರು ಬಂದರು. ನಾನು ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಒಲೆಯ ನೀಲಿ ಬೆಂಕಿ ಒಮ್ಮೆ ಕುಪ್ಪಳಿಸಿ ಆರಿತು. ಹೊರಗೆ ಹೋಗಿ ನೋಡಿದರೆ ಗುಡ್ಡದ ಕಡೆ ಯಂತ್ರ ತಂದು ನೆಲ ಬಗೆಯುತ್ತಿದ್ದರು. ದೊಡ್ಡವರು ವಾಲ್ವಿನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಿದ್ದರಂತೆ. ಕಾವಲಿನ ಮುಖ್ಯಸ್ಥ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರೂ ಅವರು ತುಟಿ ಬಿಚ್ಚಲಿಲ್ಲ. ಅವನು ಬಂದವನೇ ಹಿರಿಯರಿಗೆ ಸಲಾಮು ಹೇಳಿರಲಿಲ್ಲ, ಅಂಥವನ ಜೊತೆ ಮಾತೇನು ಎಂದು ಆಮೇಲೆ ಹೇಳಿದರು. ಎಪ್ಪತ್ತು ದಾಟಿದ, ಎದೆಯಲ್ಲಿ ಗೊರಗೊರ ಅನ್ನುವ ಮುದುಕನನ್ನು ಟೋಪಿಯಿಲ್ಲದೆ ಜೀಪಿಗೆ ಹತ್ತಿಸಿದರು. ಪೊಲೀಸರು ಬರೆಸಿಕೊಂಡು ಮನೆಗೆ ಕಳಿಸಿದರಾದರೂ ಕೋರ್ಟಿನ ತಾರೀಖು ಕೊಟ್ಟರು. ಕಂಪನಿ ಕೇಳಿದ್ದು ಜೈಲು. ಆ ಎದೆ ಇಟ್ಟುಕೊಂಡು ದೊಡ್ಡವರು ಜೈಲಿನ ಒಂದು ಚಳಿಗಾಲ ದಾಟುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಜೀಪು ಹೋದ ಗಳಿಗೆಯಲ್ಲೇ ನಾನು ಕ್ಯಾಂಪಿಗೆ ಫೋನು ಮಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಕಚ್ಚು, ನಿನ್ನ ಜರಡಿ, ನಿನ್ನ ಸಭೆ, ಎಲ್ಲದಕ್ಕೂ ಬೆಂಕಿ ಬೀಳಲಿ, ಹಿಡಿದುಕೊಟ್ಟಿಯಲ್ಲ ಮನೆಯ ಹಿರೀಕನನ್ನ ಎಂದೆ. ಅದಕ್ಕೆ ಅವಳು ಕೇಳಿದ್ದು ಇದು:

"ನಾನು ಮನೇಲಿದ್ದಾಗ ವಾಲ್ವ್ ಮುಚ್ತಿದ್ರಾ?"

ನನಗೆ ಬಂದ ಕೋಪಕ್ಕೆ ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಮನೆ ಹೊತ್ತಿ ಉರಿಯುವಾಗಲೂ ಇವಳಿಗೆ ತನ್ನ ಗೆರೆಯದೇ ಚಿಂತೆ ಎಂದುಕೊಂಡೆ. ಆಮೇಲೆ ಅವಳು ಮೆಲ್ಲಗೆ, ಆ ಹದಿನೈದು ದಿನ ನನ್ನ ರಜೇನೇ ಕಣೆ, ನನ್ನ ರಜೆ ನನಗೇ ಗುರುತು ಸಿಗಲಿಲ್ಲ, ಎಂದಳು. ಅವಳ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮನೆಗೆ ಬಂದವಳು ಅಳಲಿಲ್ಲ. ಕೋಟು ಕೂಡ ಬಿಚ್ಚದೆ ಒಲೆಯ ಮುಂದೆ ನಿಂತು ಶುರು ಮಾಡಿದಳು.

"ಒಲೆಯೇ, ದೊಡ್ಡವರಿಗೆ ಹೇಳು. ಮಕ್ಕಳು ಕೂರೋ ಕೋಣೆ ಕೆಳಗೆ ವಾಸನೇನೂ ಬರದ ಹಸಿ ಗ್ಯಾಸಿನ ಪೈಪು ಎಳೆದಿದ್ರಲ್ಲ, ಒಂದು ಜಾಯಿಂಟು ಬಿಟ್ಟಿದ್ರೆ ಶಾಲೆಗೆ ಶಾಲೆಯೇ ಹಾರಿಹೋಗ್ತಿತ್ತು. ಬಾವಿ ಕೊರೆದವರಿಗೆ ಅಷ್ಟು ಗೊತ್ತಾಗ್ಬೇಡ್ವಾ."

ದೊಡ್ಡವರು ಅತ್ತೆಯ ಕಡೆ ತಿರುಗಿ, "ಮೂವತ್ತು ವರ್ಷ ಚಳೀಲಿ ಕೂತ್ರಲ್ಲ ಈ ಊರ ಮಕ್ಕಳು, ಆಗ ಈ ಒಲೆ ಎಲ್ಲಿತ್ತು ಕೇಳು" ಎಂದರು.

ಇಬ್ಬರದೂ ನಿಜವಾಗಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಪೈಪು ಅಪಾಯದ್ದು ಎನ್ನುವುದು ನಿಜ, ಆ ಪೈಪು ಎಳೆಯುವಂತೆ ಮಾಡಿದವರು ಬೇರೆ ಎನ್ನುವುದೂ ನಿಜ. ಆ ಬೇರೆಯವರು ಆರಾಮವಾಗಿ ನಗರದಲ್ಲಿ ನಮ್ಮ ಗ್ಯಾಸಿನಲ್ಲಿ ಕಾಲು ಕಾಯಿಸಿಕೊಳ್ಳುತ್ತಿದ್ದರು.

ಮರುವಾರ ತೈಮಾಸ್ ಅಬೆನೊವಿಚ್ ಒಂದು ಡಬ್ಬಿ ಮಿಠಾಯಿ ಹಿಡಿದು ನಮ್ಮ ಮನೆಗೇ ಬಂದ. ನಾಚಿಕೆ ಎನ್ನುವುದನ್ನು ಅವನು ಕ್ಯಾಂಪಿನಲ್ಲೇ ಬಿಟ್ಟು ಬಂದಿದ್ದ. ದೊಡ್ಡವರು ಒಳಗಿನ ಕೋಣೆಗೆ ಹೋದರು. ಬಂದವನು ಕಳ್ಳನೇ ಆದರೂ ಚಹಾ ಕೊಡದೆ ಕಳಿಸುವ ಮನೆಯಲ್ಲವಾದ್ದರಿಂದ ಅತ್ತೆ ಚಹಾ ಕೊಟ್ಟರು. ಅವನ ಮಾತು ಈಗ ತಿರುಗಾಮುರುಗಾ ಆಗಿತ್ತು. ಕುನ್ಸುಲುವಿನಂಥ ಜಾಣೆ ಇಡೀ ಕಂಪನಿಯಲ್ಲಿಲ್ಲ, ಆ ಕಚ್ಚುಗಳು ಗದ್ದಲವೇ ಅಲ್ಲ, ಅಪ್ಪಟ ಕಳ್ಳತನ, ಕೋರ್ಟಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾದವಳು ಅವಳೇ ಎಂದ. ಮುದುಕರಿಗೆ ಶಿಕ್ಷೆ ಕಮ್ಮಿ ಮಾಡಿಸುವಾ, ತಂಗಿಗೆ ನಗರದಲ್ಲಿ ಕೆಲಸ ಕೊಡಿಸುವಾ ಎಂದ. ಅವಳು ಅವನ ಬಟ್ಟಲಿಗೆ ಎರಡನೆಯ ಸಲ ಚಹಾ ತುಂಬಿ, ಬರುತ್ತೇನೆ ಎಂದಳು. ಅಷ್ಟೇ. ಅವನು ಹೋದ ಮೇಲೆ ಮಿಠಾಯಿ ಡಬ್ಬಿಯನ್ನು ಒಂಟೆಯ ಮುಂದೆ ಸುರಿದಳು.

ಅವತ್ತಿನಿಂದ ಊರು ನಮ್ಮ ಮನೆ ಮುಂದೆಯೇ ಬೀಡುಬಿಟ್ಟಿತು. ಎಲ್ಲರದೂ ಒಂದೇ ಬೇಡಿಕೆ, ಅದು ಗದ್ದಲ ಅಂತ ಒಂದು ಮಾತು ಹೇಳಿಬಿಡು. ಆ ಮಾತಿಗೆ ಬೆಲೆಯೂ ಇತ್ತು, ಯಾಕೆಂದರೆ ಬೇರೆ ಸಾಕ್ಷಿ ಉಳಿದಿರಲಿಲ್ಲ. ಕಿತ್ತ ಪೈಪನ್ನು ಕಾವಲುಗಾರರೇ ಗುಜರಿಗೆ ಮಾರಿ ತಿಂದಿದ್ದರು. ಅವಳ ಗೆರೆ ಗದ್ದಲವಾದರೆ ದೊಡ್ಡವರು ಬಾವಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದ ಮುದುಕ ಮಾತ್ರ. ನಾನೂ ಹೇಳಿದೆ. ಒಂದು ಸುಳ್ಳು ಹೇಳಿದರೆ ನಿನ್ನ ವಿದ್ಯೆಗೇನು ಕುಷ್ಠ ಹತ್ತುತ್ತದಾ ಎಂದೆ.

"ಅದು ಗದ್ದಲ ಅಲ್ಲ. ನನ್ನ ಬಾಯಿಂದ ಆ ಮಾತು ಬರಲ್ಲ" ಎಂದಳು.

ಆಮೇಲೆ ಕೋರ್ಟಿನ ದಿನದವರೆಗೂ ನಾನು ಅವಳ ಜೊತೆ ಮಾತು ಬಿಟ್ಟೆ. ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುತ್ತ, ಬಾಯಿ ಹೊಲಿದುಕೊಂಡು ಕೂರುವುದು ಎಂಥ ಶಿಕ್ಷೆಯೆಂದು ಓರಗಿತ್ತಿಯರಿಗೆ ಮಾತ್ರ ಗೊತ್ತು.

ಕೋರ್ಟು ಜಿಲ್ಲಾ ಊರಿನ ಹಳೆಯ ಗ್ರಂಥಾಲಯದಲ್ಲಿ. ನ್ಯಾಯಾಧೀಶೆ ನನ್ನ ವಯಸ್ಸಿನ ಹೆಂಗಸು, ಭುಜದ ಮೇಲೆ ಉಣ್ಣೆಯ ಶಾಲು. ದೊಡ್ಡವರು ಮೊದಲ ಸಾಲಿನಲ್ಲಿ ನರಿ ಚರ್ಮದ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಕಂಪನಿಯ ಪರವಾಗಿ ತೈಮಾಸ್ ಒಂದು ಹಾಳೆ ತೋರಿಸಿದ, ಕೆಲವೇ ವಾರಗಳ ಗೆರೆ, ಅಗಲದ ತಗ್ಗುಗಳನ್ನು ತೆಗೆದುಹಾಕಿ ಪುಟ್ಟ ಕಚ್ಚುಗಳನ್ನು ಮಾತ್ರ ಉಳಿಸಿದ್ದು. ಆಮೇಲೆ ಕುನ್ಸುಲು ಅಕ್ಕನನ್ನು ಕರೆದರು. ಇದು ನಿಮ್ಮ ಕೆಲಸವೇ ಎಂದು ನ್ಯಾಯಾಧೀಶೆ ಕೇಳಿದರು.

ಅರ್ಧ ಮಾತ್ರ ನನ್ನದು ಎಂದಳು ಅಕ್ಕ. ತಾನು ತಂದಿದ್ದ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದಳು. ಒಂದು ತುದಿ ಮೇಜು ದಾಟಿ ನೆಲಕ್ಕೆ ಇಳಿಯಿತು. ಅದೇ ಗೇಜು, ಅದೇ ಜರಡಿ, ಆದರೆ ಪೂರ್ತಿ ಗೆರೆ. ಪುಟ್ಟ ಕಚ್ಚು ಯಾರೋ ವಾಲ್ವ್ ತಿರುಗಿಸಿದ್ದು, ಒಪ್ಪುತ್ತೇನೆ ಎಂದಳು. ಅವಳು ಬೆರಳನ್ನು ಅಗಲದ ತಗ್ಗುಗಳ ಮೇಲಿಟ್ಟಳು. ಸುತ್ತಲಿನ ಬಾವಿಗಳನ್ನು ತೆರೆದು ಗ್ಯಾಸ್ ಎಳೆದಾಗ ಮುಚ್ಚಿದ ಬಾವಿಯ ಒತ್ತಡ ಹೀಗೆ ಇಳಿಯುತ್ತದೆ. ಆ ಬಾವಿಗಳನ್ನು ಮುಚ್ಚಿದ್ದೇವೆ ಎಂದು ಕಂಪನಿ ಸರ್ಕಾರಕ್ಕೆ ಹೇಳಿದ ವಾರಗಳು ಇವೇ. ಮುಚ್ಚಿದ ಬಾವಿಗಳಿಂದ ಹೋದ ಗ್ಯಾಸ್ ಯಾರ ಜೇಬಿಗೆ ಹೋಯಿತು ಅಂತ ಈ ಗೆರೆಗೆ ಗೊತ್ತಿಲ್ಲ, ಹೋದದ್ದು ಮಾತ್ರ ಗೊತ್ತು ಎಂದಳು.

ತೈಮಾಸ್ ಎದ್ದ. ಅದು ಗೇಜಿನ ಹಳೆಯ ಚಾಳಿ, ಗದ್ದಲ ಎಂದ.

"ಸಣ್ಣ ಕಾಳನ್ನ ಉಳಿಸಿಕೊಂಡ ಜರಡೀಲಿ ದೊಡ್ಡ ಕಾಳು ಹೇಗೆ ಕೆಳಗೆ ಬೀಳುತ್ತೆ, ನೀವೇ ಹೇಳಿ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ಗೇಜು ಸುಳ್ಳು ಹೇಳಿದ್ರೆ ಎರಡೂ ಸುಳ್ಳು. ನಿಜ ಹೇಳಿದ್ರೆ ಎರಡೂ ನಿಜ. ಯಾವುದು ಬೇಕೋ ಆರಿಸ್ಕೊಳ್ಳಿ, ಅಣ್ಣಾ."

ಆ 'ಅಣ್ಣಾ' ಎನ್ನುವುದರಲ್ಲಿ ಅವನು ಇಷ್ಟು ವರ್ಷ ಕರೆದ ತಂಗಿಗಳೆಲ್ಲ ಬಡ್ಡಿ ಸಮೇತ ವಾಪಸು ಹೋದರು. ಅವನ ಕತ್ತು ಕೆಂಪಾಯಿತು. ವಕೀಲನ ಕಿವಿ ಕಚ್ಚಿದ, ವಕೀಲ ಅವನ ಕಿವಿ ಕಚ್ಚಿದ. ಕೊನೆಗೆ ಕಂಪನಿಯ ಹೇಳಿಕೆ ಬಂತು. ಗೇಜು ತೀರಾ ಹಳೆಯದು, ಆ ಗೆರೆಯಲ್ಲಿ ಇರುವುದೆಲ್ಲ ಗದ್ದಲ, ಸಣ್ಣದೂ ಅಷ್ಟೇ, ದೊಡ್ಡದೂ ಅಷ್ಟೇ.

ಹಾಗಾದರೆ ಗ್ಯಾಸ್ ಹೋದದ್ದಕ್ಕೆ ನಿಮ್ಮ ಹತ್ತಿರ ಬೇರೇನಿದೆ ಎಂದು ನ್ಯಾಯಾಧೀಶೆ ಕೇಳಿದರು. ಏನೂ ಇರಲಿಲ್ಲ. ಮೆಂದಿಗಾಲಿ ನನ್ನ ಪಕ್ಕದಲ್ಲಿ ಮೊದಲ ಸಲ ಉಸಿರು ಬಿಟ್ಟ. ಅವಳು ಸುಳ್ಳು ಹೇಳದೆಯೇ ಆ ಸುಳ್ಳನ್ನು ಹೇಳಬೇಕಾದವನ ಬಾಯಿಂದ ಹೇಳಿಸಿದ್ದಳು. ನಾನು ಮಾತು ಬಿಟ್ಟು ಕಳೆದ ದಿನಗಳನ್ನೆಲ್ಲ ನೆನೆದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ದೊಡ್ಡವರು ಎದ್ದು ನಿಂತರು.

ಟೋಪಿಯನ್ನು ಕುರ್ಚಿಯ ಮೇಲಿಟ್ಟರು, ಕೋಟಿನ ಗುಂಡಿ ಹಾಕಿಕೊಂಡರು. ಅವರ ಮುಖ ಕಪ್ಪಿಟ್ಟಿತ್ತು. ಬಿಡುಗಡೆಯಾಗುವ ಮನುಷ್ಯನ ಮುಖವಲ್ಲ ಅದು, ಕೆನ್ನೆಗೆ ಹೊಡೆಸಿಕೊಂಡವನ ಮುಖ.

"ಅಮ್ಮಾ" ಎಂದರು ನ್ಯಾಯಾಧೀಶೆಗೆ, "ನನಗೆ ಗೆರೆ ಓದೋಕೆ ಬರಲ್ಲ. ಆದ್ರೆ ಇವರು ಅದನ್ನೆಲ್ಲ ಗದ್ದಲ ಅಂದ್ರಲ್ಲ, ಅದು ಸುಳ್ಳು. ನನ್ನ ಅಪ್ಪನ ಮನೆ ಬಾಗಿಲಿದ್ದ ಜಾಗ ಅದು. ಅಲ್ಲಿರೋ ವಾಲ್ವನ್ನ..."

ಮುಂದಿನ ಮಾತು ಏನೆಂದು ಇಡೀ ಕೋಣೆಗೆ ಗೊತ್ತಿತ್ತು. ತೈಮಾಸನ ತಲೆ ಮೇಲೆದ್ದಿತು, ವಕೀಲ ಪೆನ್ನು ತೆಗೆದ. ಅತ್ತೆ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದರು. ಅವರನ್ನು ತಡೆಯಬೇಕಾದ ಗಂಡುಮಕ್ಕಳಿಬ್ಬರೂ, ಮೆಂದಿಗಾಲಿ ಮತ್ತು ನನ್ನ ಗಂಡ, ಅಪ್ಪನ ಮಾತಿಗೆ ಅಡ್ಡ ಬಂದು ರೂಢಿಯಿಲ್ಲದೆ ಕಲ್ಲಾಗಿ ಕೂತಿದ್ದರು. ಆಗ ಕುನ್ಸುಲು ಅಕ್ಕ ನಿಂತಲ್ಲಿಂದಲೇ ಕೂಗಿದಳು. ಒಲೆಗೆ ಹೇಳಲಿಲ್ಲ, ಗೋಡೆಗೆ ಹೇಳಲಿಲ್ಲ. ಮಾವನ ಮುಖ ನೋಡಿ, ಅವರ ಹೆಸರು ಹಿಡಿದು, ಪೂರ್ತಿ ಹೆಸರು ಹಿಡಿದು ಕೂಗಿ, "ಕೂತ್ಕೊ" ಎಂದಳು. ಬಹುವಚನವೂ ಇಲ್ಲ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾನೂ ಆ ಮನೆಯ ಸೊಸೆ.

ದೊಡ್ಡವರ ಬಾಯಿ ತೆರೆದದ್ದು ತೆರೆದೇ ಇತ್ತು. ನಮ್ಮ ಊರಿನವರು ಒಬ್ಬರ ಮುಖ ಒಬ್ಬರು ನೋಡಲೂ ಹೆದರಿ ನೆಲ ನೋಡುತ್ತಿದ್ದರು. ಹಿಂದೆ ಯಾರೋ ಮುದುಕಿ ದೇವರನ್ನು ಕರೆದಳು. ಮಾವ ಒಂದು ಸಲ ಸೊಸೆಯನ್ನು ನೋಡಿದರು, ಮೆಲ್ಲಗೆ ಹಿಂದಕ್ಕೆ ಕೈ ಚಾಚಿ ಕುರ್ಚಿ ತಡವಿದರು, ಟೋಪಿಯ ಮೇಲೆಯೇ ಕೂತರು. ಹೇಳಲು ಹೊರಟಿದ್ದ ಮಾತು ಅವರಿಗೆ ಮರೆತೇಹೋಗಿತ್ತು. ನ್ಯಾಯಾಧೀಶೆಯೂ ಎಲ್ಲೋ ಒಂದು ಮನೆಯ ಸೊಸೆಯೇ ಇರಬೇಕು. ಕಾಗದಗಳನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಓದಿದರು. ಆಮೇಲೆ ಸಾಕ್ಷಿ ಸಾಲದು ಎಂದು ಹೇಳಿ ಎದ್ದುಹೋದರು.

ಅಕ್ಕನ ಕೆಲಸ ಮರುದಿನವೇ ಹೋಯಿತು. ಈಗ ಅವಳು ನಮ್ಮ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಮಕ್ಕಳು ಅವಳ ಹೆಜ್ಜೆ ಸದ್ದಿಗೇ ಸಾಲಾಗಿ ಕೂರುತ್ತಾರೆ. ಕಂಪನಿ ಆ ಬಾವಿಯ ಗೇಜನ್ನೇ ಎತ್ತಿಬಿಟ್ಟಿತು. ಅಗಲದ ತಗ್ಗುಗಳ ಬಗ್ಗೆ ಅವಳು ಬರೆದ ದೂರುಗಳಿಗೆಲ್ಲ ರಾಜಧಾನಿಯಿಂದ ಬರುವ ಉತ್ತರ ಒಂದೇ, ಅದು ಗದ್ದಲವೆಂದು ಕೋರ್ಟಿನಲ್ಲೇ ದಾಖಲಾಗಿದೆಯಂತೆ. ಊರಿಗೆ ಪೈಪು ಬಂದಿಲ್ಲ. ಆ ಚಳಿಗಾಲ ಪೂರ್ತಿ ನನ್ನ ಮಕ್ಕಳು ಕೈಗವಸು ಹಾಕಿಕೊಂಡೇ ಲೆಕ್ಕ ಬರೆದರು, ಕಿಟಕಿಯಲ್ಲಿ ಕಂಪನಿಯ ಬೆಂಕಿ ಉರಿಯುತ್ತಲೇ ಇತ್ತು. ಗೆದ್ದೆವು ಎಂದು ಯಾರಾದರೂ ನನ್ನೆದುರು ಹೇಳಿದರೆ ಅವರನ್ನು ಆ ಕಿಟಕಿಯ ಪಕ್ಕ ಕೂರಿಸುತ್ತೇನೆ.

ಆವತ್ತು ಕೋರ್ಟಿನಿಂದ ನಾವೆಲ್ಲ ಒಂದೇ ವ್ಯಾನಿನಲ್ಲಿ ವಾಪಸು ಬಂದೆವು. ಮೆಂದಿಗಾಲಿ ಓಡಿಸುತ್ತಿದ್ದ, ದೊಡ್ಡವರು ಅವನ ಪಕ್ಕ, ಹಿಂದೆ ಅತ್ತೆ, ನನ್ನ ಗಂಡ, ನಾವಿಬ್ಬರು ಸೊಸೆಯರು. ಅಕ್ಕ ಸೀಟಿನ ಮೂಲೆಗೆ ಅಂಟಿಕೊಂಡು, ಮಾಡಬಾರದ್ದನ್ನು ಮಾಡಿದ ಕೈಗಳನ್ನು ಮುಚ್ಚಿಡುವವಳಂತೆ ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಗುಡ್ಡ ದಾಟಿ ಬಾವಿ ಕಾಣಿಸಿದಾಗ ದೊಡ್ಡವರು ಮುಂದಿನ ರಸ್ತೆಯನ್ನೇ ನೋಡುತ್ತ ಅತ್ತೆಗೆ ಹೇಳಿದರು.

"ಆ ಹಿರೀ ಸೊಸೆಗೆ ಹೇಳು. ನಮ್ಮಮ್ಮ ಸತ್ತ ಮೇಲೆ ನನ್ನನ್ನ ಹಾಗೆ ಹೆಸರು ಹಿಡಿದು ಗದರಿಸಿದೋರು ಯಾರೂ ಇರ್ಲಿಲ್ಲ."

ಅತ್ತೆ ಅದನ್ನು ಹೇಳಲು ಹೋಗಲಿಲ್ಲ, ಎಲ್ಲರಿಗೂ ಕೇಳಿಸಿತ್ತು. ಅಕ್ಕ ಕಂಕುಳಿಂದ ಕೈ ತೆಗೆದು ಮಂಜುಗಟ್ಟಿದ ಗಾಜಿನ ಕಡೆ ತಿರುಗಿದಳು.

"ಕಿಟಕಿಯೇ" ಎಂದಳು, "ದೊಡ್ಡವರಿಗೆ ಹೇಳು. ಇನ್ನೊಂದು ಸಲ ಆ ವಾಲ್ವ್ ಮುಟ್ಟಿದ್ರೆ ಮತ್ತೆ ಹೆಸರು ಹಿಡಿದು ಕರೀತೀನಿ."